ತಾಳಮದ್ದಳೆಯ ಕಿವಿಗೆ ಜಾಝ್: ಹಳೆಯ ಮತ್ತು ಹೊಸ ಧ್ವನಿಮುದ್ರಣಗಳನ್ನು ಕೇಳುವ ಬಗೆ

ನಮ್ಮ ಕರಾವಳಿಯಲ್ಲಿ ಕರ್ಣಪರ್ವದ ತಾಳಮದ್ದಳೆಯನ್ನು (ವೇಷ, ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನ ಕೂಟವನ್ನು) ಇಪ್ಪತ್ತು ಮೂವತ್ತು ಸಲ ಕೇಳಿದವರು ಬಹಳ ಮಂದಿ ಇದ್ದಾರೆ. ಪದ್ಯಗಳು ಅವರಿಗೆ ಬಾಯಿಪಾಠವಾಗಿರುತ್ತವೆ, ಕಥೆಯ ಕೊನೆ ಏನೆಂಬುದು ಗೊತ್ತಿರುತ್ತದೆ. ಆದರೂ ಇಂದು ಕರ್ಣ ಯಾರು, ಶಲ್ಯ ಯಾರು, ಭಾಗವತರು ಯಾರು ಎಂದು ವಿಚಾರಿಸಿಕೊಂಡೇ ಅವರು ಮನೆಯಿಂದ ಹೊರಡುತ್ತಾರೆ. ಅಲ್ಲಿ ಹೊಸದಾಗಿ ಹುಟ್ಟುವುದು ಪದ್ಯವಲ್ಲ, ಪದ್ಯವನ್ನು ಹಿಡಿದುಕೊಂಡು ಅರ್ಥಧಾರಿಯು ಆ ಹೊತ್ತಿನಲ್ಲಿ ಕಟ್ಟುವ ಮಾತು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಾಝ್ ಸಂಗೀತವನ್ನು ಕೇಳುವುದಕ್ಕೆ ಬೇಕಾದ ಮುಖ್ಯ ಸಿದ್ಧತೆ ಇದೇ. ಹಾಡು ಎಂಬುದು ಪ್ರಸಂಗದ ಪದ್ಯವಿದ್ದಂತೆ. ಸ್ಯಾಕ್ಸೊಫೋನ್ ಅಥವಾ ಟ್ರಂಪೆಟ್ ಹಿಡಿದವನು ಅರ್ಥಧಾರಿ. ಧ್ವನಿಮುದ್ರಣವೆಂದರೆ ಆ ಒಂದು ದಿನದ ಕೂಟದಲ್ಲಿ ನಡೆದುದರ ದಾಖಲೆ.

ಮಂಗಳೂರು, ಉಡುಪಿಗಳಲ್ಲಿ ಹೊಸದಾಗಿ ಜಾಝ್ ಕೇಳಲು ತೊಡಗುವವರು ಯಾವ ಧ್ವನಿಮುದ್ರಿಕೆಯಿಂದ ಆರಂಭಿಸಬೇಕೆಂದು ನನ್ನನ್ನು ಕೇಳುತ್ತಾರೆ. ಶ್ರೇಷ್ಠ ನೂರರ ಪಟ್ಟಿಯನ್ನು ಹಿಡಿದು ಒಂದಾದ ಮೇಲೆ ಒಂದನ್ನು ಕೇಳುತ್ತ ಹೋದವರು ಕೆಲವೇ ವಾರಗಳಲ್ಲಿ ದಣಿದು ಬಿಟ್ಟುಬಿಡುವುದನ್ನು ನಾನು ಕಂಡಿದ್ದೇನೆ. ಅವರ ನೆನಪಿನಲ್ಲಿ ಹೆಸರುಗಳು ಉಳಿಯುತ್ತವೆ, ನಾದ ಉಳಿಯುವುದಿಲ್ಲ. ಹಾಗಾಗಿ ಹತ್ತು ಹನ್ನೆರಡು ಧ್ವನಿಮುದ್ರಿಕೆಗಳನ್ನಷ್ಟೇ ಇಟ್ಟುಕೊಳ್ಳಿ, ಒಂದೇ ಹಾಡನ್ನು ಬೇರೆ ಬೇರೆಯವರ ಕೈಯಲ್ಲಿ ಕೇಳಿ, ಹಳೆಯದರ ಮಗ್ಗುಲಲ್ಲೇ ಹೊಸದನ್ನು ಇರಿಸಿ ಎಂಬುದು ನನ್ನ ಸಲಹೆ. ಮುಂದೆ ಹೇಳುವುದೆಲ್ಲ ಈ ಮೂರನ್ನು ಮಾಡುವ ಕ್ರಮ.

ಕೇಳುವ ಸಲಕರಣೆ ದುಬಾರಿಯದಾಗಬೇಕಿಲ್ಲ, ಆದರೆ ಮೊಬೈಲ್ ಫೋನಿನ ಪುಟ್ಟ ಸ್ಪೀಕರಿನಲ್ಲಿ ಜಾಝ್ ಕೇಳಬೇಡಿ. ಬಾಸ್ ಎಂಬ ದೊಡ್ಡ ತಂತಿವಾದ್ಯದ ಅತ್ಯಂತ ತಗ್ಗಿನ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ನಾದವನ್ನು ಆ ಸ್ಪೀಕರು ಹೊರಡಿಸಲಾರದು. ಮದ್ದಳೆಯ ಸದ್ದು ಕೇಳಿಸದ ಕಡೆ ಕುಳಿತು ಪದ್ಯ ಕೇಳಿದಂತೆ, ಬಾಸ್ ಇಲ್ಲದ ಜಾಝ್ ಅರ್ಧ ಮಾತ್ರ ಕಿವಿಗೆ ಬೀಳುತ್ತದೆ. ಸಾಧಾರಣ ಇಯರ್‌ಫೋನ್ ಸಾಕು. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಸ್ಪೀಕರಿಗಿಂತ ಇಯರ್‌ಫೋನೇ ಲೇಸು, ಏಕೆಂದರೆ ಡ್ರಮ್ಸ್‌ನ ತಾಳತಟ್ಟೆಗಳ ಮೇಲೆ ಬೀಳುವ ಕೋಲಿನ ಸಣ್ಣ ಸದ್ದನ್ನು ಮಳೆ ಸುಲಭವಾಗಿ ನುಂಗಿಬಿಡುತ್ತದೆ.

ಆವರ್ತನವನ್ನು ಎಣಿಸುವುದು

ಮೊದಲ ಅಭ್ಯಾಸಕ್ಕೆ ಕೋಲ್ಮನ್ ಹಾಕಿನ್ಸ್ 1939ರ ಅಕ್ಟೋಬರ್ 11ರಂದು ಟೆನರ್ ಸ್ಯಾಕ್ಸೊಫೋನಿನಲ್ಲಿ ನುಡಿಸಿ ಮುದ್ರಿಸಿದ ‘ಬಾಡಿ ಅಂಡ್ ಸೋಲ್’ ಆಗಬಹುದು. ಅದರ ಅವಧಿ ಮೂರೇ ನಿಮಿಷ. ಪಿಯಾನೊದ ಚಿಕ್ಕ ಪೀಠಿಕೆಯ ನಂತರ ಹಾಡು ಆರಂಭವಾಗುತ್ತದೆ, ಮತ್ತು ಅಲ್ಲಿಂದ ಪೂರ್ತಿ ಎರಡು ಆವರ್ತನಗಳಿವೆ. ಆವರ್ತನ ಎಂದು ನಾನು ಹೇಳುತ್ತಿರುವುದನ್ನು ಜಾಝ್‌ನವರು ಕೋರಸ್ ಎನ್ನುತ್ತಾರೆ: ನಾಲ್ಕು ನಾಲ್ಕು ಮಾತ್ರೆಗಳ 32 ಬಾರ್‌ಗಳು, ಅಂದರೆ 128 ಮಾತ್ರೆ. ಅದರೊಳಗೆ ಎಂಟೆಂಟು ಬಾರ್‌ಗಳ ನಾಲ್ಕು ಭಾಗಗಳಿರುತ್ತವೆ. ಮೊದಲನೆಯ, ಎರಡನೆಯ ಮತ್ತು ಕೊನೆಯ ಭಾಗಗಳ ಧಾಟಿ ಒಂದೇ, ಮೂರನೆಯದು ಮಾತ್ರ ಬೇರೆ. ನಮ್ಮ ಕೀರ್ತನೆಯಲ್ಲಿ ಪಲ್ಲವಿಯಿಂದ ಅನುಪಲ್ಲವಿಗೆ ಏರಿ ಮತ್ತೆ ಪಲ್ಲವಿಗೆ ಬರುವ ಅನುಭವವಿದ್ದವರಿಗೆ ಈ ಮೂರನೆಯ ಭಾಗ ಬಂದಾಗ ತಾನಾಗಿ ತಿಳಿಯುತ್ತದೆ. ಈ ಹಾಡಿನಲ್ಲಿ ಅಲ್ಲಿಗೆ ಬಂದಾಗ ಆಧಾರಸ್ವರವೇ ಅರ್ಧ ಸ್ವರ ಮೇಲೇರುತ್ತದೆ, ಹಾರ್ಮೋನಿಯಂನ ಭಾಷೆಯಲ್ಲಿ ಹೇಳುವುದಾದರೆ ಕಪ್ಪು ಒಂದರಿಂದ ಬಿಳಿ ಎರಡಕ್ಕೆ.

ಕೈಯಲ್ಲಿ ತಾಳ ಹಾಕುವ ಅಭ್ಯಾಸವಿರುವವರು ಇಲ್ಲಿ ಒಂದು ಎಚ್ಚರಿಕೆ ವಹಿಸಬೇಕು. ಆದಿತಾಳದಲ್ಲಿ ನಮ್ಮ ಪೆಟ್ಟು ಮೊದಲ ಎಣಿಕೆಗೆ ಬೀಳುತ್ತದೆ, ಮತ್ತು ಮನಸ್ಸು ಅದನ್ನೇ ಕಾಯುತ್ತಿರುತ್ತದೆ. ಜಾಝ್‌ನಲ್ಲಿ ಡ್ರಮ್ಸ್‌ನವನು ಕಾಲಿನಿಂದ ಮುಚ್ಚುವ ಹೈ-ಹ್ಯಾಟ್ ಎಂಬ ಜೋಡಿ ತಾಳತಟ್ಟೆ ಸಾಮಾನ್ಯವಾಗಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬೀಳುತ್ತದೆ. ಒಂದು ಮತ್ತು ಮೂರಕ್ಕೆ ಚಪ್ಪಾಳೆ ಹಾಕುತ್ತ ಕುಳಿತರೆ ಸಂಗೀತ ಭಾರವಾಗಿ ಎಳೆದಂತೆ ತೋರುತ್ತದೆ. ಎರಡು ಮತ್ತು ನಾಲ್ಕಕ್ಕೆ ಬೆರಳು ಚಿಟಿಕೆ ಹಾಕಿದ ಕೂಡಲೇ ಅದು ಹಗುರವಾಗಿ ಮುಂದಕ್ಕೆ ನಡೆಯುತ್ತದೆ. ಸ್ವಿಂಗ್ ಎಂದು ಅವರು ಕರೆಯುವ ನಡಿಗೆಯ ಅರ್ಧ ಭಾಗ ಇದೇ. ಇನ್ನರ್ಧ, ಒಂದು ಮಾತ್ರೆಯನ್ನು ಎರಡು ಸಮ ಪಾಲು ಮಾಡದೆ ಮೊದಲನೆಯದನ್ನು ಉದ್ದವಾಗಿ, ಎರಡನೆಯದನ್ನು ಗಿಡ್ಡವಾಗಿ ಇಡುವುದು. ತಿಶ್ರ ನಡೆಯಲ್ಲಿ ನಡುವಿನ ಅಕ್ಷರವನ್ನು ಉಚ್ಚರಿಸದೆ ಬಿಟ್ಟರೆ ಅದಕ್ಕೆ ಹತ್ತಿರದ ಚಲನೆ ಸಿಗುತ್ತದೆ.

ಹಾಕಿನ್ಸ್ ಮೊದಲ ಕೆಲವು ಬಾರ್‌ಗಳಲ್ಲಿ ಮಾತ್ರ ಮೂಲ ಧಾಟಿಗೆ ಹತ್ತಿರವಿದ್ದು ಬಳಿಕ ಅದನ್ನು ಪೂರ್ತಿ ಬಿಟ್ಟುಬಿಡುತ್ತಾನೆ. ಎರಡನೆಯ ಆವರ್ತನದಲ್ಲಿ ಮೂಲ ಹಾಡಿನ ಒಂದು ಸಾಲೂ ಹಾಗೆಯೇ ಬರುವುದಿಲ್ಲ. ಆದರೆ 128 ಮಾತ್ರೆಗಳ ಚೌಕಟ್ಟು ಒಂದಿಷ್ಟೂ ಅಲುಗುವುದಿಲ್ಲ. ಪದ್ಯವನ್ನು ಒಮ್ಮೆ ಎತ್ತಿಕೊಂಡ ಅರ್ಥಧಾರಿಯು ಅದರ ಮಾತುಗಳನ್ನು ಮತ್ತೆ ಉಚ್ಚರಿಸದೆಯೇ ಅದರ ಭಾವದಲ್ಲಿ ಕಾಲು ಗಂಟೆ ಮಾತನಾಡುವುದನ್ನು ಕೇಳಿದವರಿಗೆ ಇದು ವಿಚಿತ್ರವೆನಿಸಲಾರದು. ಈ ಒಂದು ಧ್ವನಿಮುದ್ರಣವನ್ನು ಎಣಿಸಿಕೊಂಡು ಹತ್ತು ಸಲ ಕೇಳಿ. ನಾನು ಕೊಡುವ ಪಾಠಗಳಲ್ಲಿ ಬೇಸರ ತರಬಹುದಾದದ್ದು ಇದೊಂದೇ; ಇದನ್ನು ತಪ್ಪಿಸಿದವರಿಗೆ ಮುಂದಿನ ಯಾವುದೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಶ್ರುತಿಪೆಟ್ಟಿಗೆಯೊಡನೆ ‘ಕೈಂಡ್ ಆಫ್ ಬ್ಲೂ’

ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ನ್ಯೂಯಾರ್ಕಿನಲ್ಲಿ ಕೊಲಂಬಿಯಾ ಕಂಪೆನಿಯ 30ನೆಯ ಬೀದಿಯ ಸ್ಟುಡಿಯೋದಲ್ಲಿ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಎರಡೇ ದಿನಗಳಲ್ಲಿ ಮುದ್ರಿತವಾಯಿತು. ಇದನ್ನು ಹೋಟೆಲುಗಳಲ್ಲೂ ಕಾಫಿ ಅಂಗಡಿಗಳಲ್ಲೂ ಮಾತುಕತೆಯ ಹಿನ್ನೆಲೆಗೆ ಹಾಕುವುದನ್ನು ನೋಡಿದಾಗ ನನಗೆ ನೋವಾಗುತ್ತದೆ. ಮೆಲುದನಿಯ ಸಂಗೀತವೆಂಬ ಕಾರಣಕ್ಕೆ ಅದು ಗಮನ ಬೇಡದ ಸಂಗೀತವಾಗುವುದಿಲ್ಲ.

ಕರ್ನಾಟಕ ಸಂಗೀತ ಕೇಳಿದ ನಮಗೆ ಈ ಧ್ವನಿಮುದ್ರಿಕೆಯಲ್ಲಿ ಒಂದು ವಿಶೇಷ ಸೌಲಭ್ಯವಿದೆ. ಸಾಮಾನ್ಯವಾಗಿ ಜಾಝ್‌ನಲ್ಲಿ ಕಾರ್ಡ್‌ಗಳು, ಅಂದರೆ ಕೂಡಿ ನುಡಿಯುವ ಸ್ವರಗಳ ಗುಂಪುಗಳು, ಒಂದು ಬಾರ್‌ಗೋ ಎರಡು ಬಾರ್‌ಗೋ ಬದಲಾಗುತ್ತ ಹೋಗುತ್ತವೆ. ತಂಬೂರಿಯ ಒಂದೇ ಶ್ರುತಿಯ ಮೇಲೆ ನಿಂತು ಕೇಳಿದ ಕಿವಿಗೆ ಕಷ್ಟವಾಗುವುದು ಇದೇ. ‘ಕೈಂಡ್ ಆಫ್ ಬ್ಲೂ’ದ ಮೊದಲ ರಚನೆಯಾದ ‘ಸೋ ವಾಟ್’ನಲ್ಲಿ ಆ ಓಡಾಟವಿಲ್ಲ. ಮೊದಲ 16 ಬಾರ್ ಒಂದು ಸ್ವರಶ್ರೇಣಿ, ನಂತರ ಎಂಟು ಬಾರ್ ಅದೇ ಶ್ರೇಣಿ ಅರ್ಧ ಸ್ವರ ಮೇಲಕ್ಕೆ, ಕೊನೆಯ ಎಂಟು ಬಾರ್ ಮತ್ತೆ ಮೊದಲಿನ ಜಾಗಕ್ಕೆ. ಅವರು ಡೋರಿಯನ್ ಎಂದು ಕರೆಯುವ ಆ ಶ್ರೇಣಿಯ ಸ್ವರಗಳು ನಮ್ಮ 22ನೆಯ ಮೇಳಕರ್ತವಾದ ಖರಹರಪ್ರಿಯದ ಸ್ವರಗಳೇ.

ಹೀಗೆ ಮಾಡಿ. ಶ್ರುತಿಪೆಟ್ಟಿಗೆಯನ್ನು ಬಿಳಿ ಎರಡಕ್ಕೆ ಇರಿಸಿ, ಮೆಲ್ಲನೆ ಖರಹರಪ್ರಿಯದ ಆರೋಹಣ ಅವರೋಹಣಗಳನ್ನು ಹಾಡಿಕೊಳ್ಳಿ, ಬಳಿಕ ಶ್ರುತಿಯನ್ನು ನಿಲ್ಲಿಸದೆಯೇ ‘ಸೋ ವಾಟ್’ ಹಾಕಿ. ಪೀಠಿಕೆ ಮುಗಿದ ಮೇಲೆ ಬಾಸ್ ಹಾಡಿನ ಸಾಲನ್ನು ನುಡಿಸುತ್ತದೆ, ಉಳಿದ ವಾದ್ಯಗಳು ಎರಡೇ ಕಾರ್ಡ್‌ಗಳಲ್ಲಿ ಅದಕ್ಕೆ ಉತ್ತರ ಕೊಡುತ್ತವೆ. ಮೂರನೆಯ ಭಾಗ ಬಂದು ಎಲ್ಲವೂ ಕಪ್ಪು ಎರಡಕ್ಕೆ ಏರಿದಾಗ ನಿಮ್ಮ ಶ್ರುತಿಪೆಟ್ಟಿಗೆ ಕರ್ಕಶವಾಗಿ ಹೊಡೆದಾಡುತ್ತದೆ, ಎಂಟು ಬಾರ್ ಕಳೆದು ಮತ್ತೆ ಕೂಡಿಕೊಳ್ಳುತ್ತದೆ. ಆ ಘರ್ಷಣೆ ಮತ್ತು ಬಿಡುಗಡೆಯನ್ನು ಎರಡು ಮೂರು ಸಲ ಅನುಭವಿಸಿದ ಮೇಲೆ ಶ್ರುತಿಪೆಟ್ಟಿಗೆಯನ್ನು ನಿಲ್ಲಿಸಿ ಕೇಳಿ. ಡೇವಿಸ್ ಟ್ರಂಪೆಟಿನಲ್ಲಿ, ಜಾನ್ ಕೋಲ್ಟ್ರೇನ್ ಟೆನರ್ ಸ್ಯಾಕ್ಸೊಫೋನಿನಲ್ಲಿ, ಕ್ಯಾನನ್‌ಬಾಲ್ ಆಡರ್ಲಿ ಅದಕ್ಕಿಂತ ಎತ್ತರದ ಶ್ರುತಿಯ ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಅದೇ ತಿರುವನ್ನು ಹೇಗೆ ಬೇರೆ ಬೇರೆಯಾಗಿ ದಾಟುತ್ತಾರೆಂಬುದು ಸ್ಪಷ್ಟವಾಗುತ್ತದೆ. ಡೇವಿಸ್ ಮೌನವನ್ನು ಬಿಡುತ್ತಾನೆ, ಕೋಲ್ಟ್ರೇನ್ ತುಂಬುತ್ತಾನೆ, ಆಡರ್ಲಿ ಆ ಬಿಗುವಿನ ನಡುವೆಯೂ ನಗುತ್ತಾನೆ. ಇಲ್ಲಿ ಸ್ವರಗಳು ಖರಹರಪ್ರಿಯದವು ಎಂದೆನೇ ಹೊರತು ರಾಗ ಖರಹರಪ್ರಿಯ ಎನ್ನಲಿಲ್ಲ. ಗಮಕವೂ ರಾಗದ ಜೀವಸ್ವರಗಳ ಕ್ರಮವೂ ಇಲ್ಲದ ಕಡೆ ರಾಗವನ್ನು ಹುಡುಕಿ ನಿರಾಶರಾಗಬಾರದು.

ನಿಮ್ಮ ಶ್ರುತಿ ಸ್ವಲ್ಪವೂ ಕೂಡದೆ ಹೋದರೆ ಪೆಟ್ಟಿಗೆಯನ್ನು ದೂರಬೇಡಿ. ಮಾರ್ಚ್ 2ರ ಮುದ್ರಣಕ್ಕೆ ಬಳಸಿದ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಅದನ್ನು ಸರಿಯಾದ ವೇಗದ ಯಂತ್ರದಲ್ಲಿ ಹಾಕಿದಾಗ ಎಲ್‌ಪಿ ತಟ್ಟೆಯ ಮೊದಲ ಬದಿಯ ಮೂರು ರಚನೆಗಳ ಶ್ರುತಿ ಏರಿಬಿಟ್ಟಿತು. 1990ರ ದಶಕದ ಮರುಮುದ್ರಣಗಳಲ್ಲಿ ಇದನ್ನು ಸರಿಪಡಿಸಿದರು. ಹಾಗಾಗಿ ಹಳೆಯ ಎಲ್‌ಪಿಯೇ ಮೂಲ, ಅದೇ ಸತ್ಯ ಎಂಬ ನಂಬಿಕೆ ಇಲ್ಲಿ ತಪ್ಪಾಗುತ್ತದೆ. ಈ ಒಂದು ವಿಷಯದಲ್ಲಿ ಸರಿಪಡಿಸಿದ ಮುದ್ರಣವನ್ನೇ ಆರಿಸಿಕೊಳ್ಳಿ. ಉಳಿದಂತೆ ಮರುಮುದ್ರಣಗಳಲ್ಲಿ ಕೊನೆಗೆ ಸೇರಿಸುವ, ಆಗ ಬೇಡವೆಂದು ಬಿಟ್ಟ ತುಣುಕುಗಳನ್ನು ಮೊದಲ ವರ್ಷ ಕೇಳದಿರುವುದು ಒಳ್ಳೆಯದು. ಕಲಾವಿದರು ಆರಿಸಿಕೊಟ್ಟ ಕ್ರಮಕ್ಕೂ ಅವಧಿಗೂ ಒಂದು ಅರ್ಥವಿದೆ.

ಅದೇ ವರ್ಷದ ಡೇವ್ ಬ್ರೂಬೆಕ್ ತಂಡದ ‘ಟೇಕ್ ಫೈವ್’ ಎಲ್ಲರಿಗೂ ಪರಿಚಿತ. ಪಾಲ್ ಡೆಸ್ಮಂಡ್ ರಚಿಸಿದ ಆ ಐದು ಎಣಿಕೆಯ ಹಾಡನ್ನು ನಮ್ಮವರು ಖಂಡಛಾಪು ಎಂದು ಕೂಡಲೇ ಗುರುತಿಸುತ್ತಾರೆ, ಆದರೆ ಕೈ ಹಾಕಿದರೆ ತಪ್ಪುತ್ತದೆ. ಖಂಡಛಾಪು ಎರಡು ಮತ್ತು ಮೂರು. ‘ಟೇಕ್ ಫೈವ್’ ಮೂರು ಮತ್ತು ಎರಡು. ಒಳ್ಳೆಯ ಬಾಗಿಲು ಅದು, ಆದರೆ ಅಲ್ಲೇ ನಿಲ್ಲಬೇಡಿ.

ಒಂದೇ ಹಾಡು, ಬೇರೆ ಬೇರೆ ರಾತ್ರಿ

ಈ ಕೈಪಿಡಿಯಲ್ಲಿ ನಾನು ಅತ್ಯಂತ ಮುಖ್ಯವೆಂದು ಎಣಿಸುವುದು ಈ ಭಾಗ. ವಾಲಿಯ ಅರ್ಥವನ್ನು ಶೇಣಿ ಗೋಪಾಲಕೃಷ್ಣ ಭಟ್ಟರು ಹೇಳಿದ ಬಗೆ ಒಂದು, ಇನ್ನೊಬ್ಬರು ಹೇಳಿದ ಬಗೆ ಬೇರೊಂದು ಎಂದು ನಮ್ಮ ಹಿರಿಯರು ಇಂದಿಗೂ ಚರ್ಚಿಸುತ್ತಾರೆ. ಹಾಗೆ ಚರ್ಚಿಸಬಲ್ಲವರಿಗೆ ಜಾಝ್‌ನ ಧ್ವನಿಮುದ್ರಣಗಳು ದೊಡ್ಡ ನಿಧಿ, ಏಕೆಂದರೆ ಇಲ್ಲಿ ಎರಡು ಬಗೆಗಳನ್ನೂ ಬೇಕಾದಷ್ಟು ಸಲ ಎದುರುಬದುರಾಗಿ ಇಟ್ಟು ನೋಡಬಹುದು.

ಜಾನ್ ಕೋಲ್ಟ್ರೇನ್ 1960ರ ಅಕ್ಟೋಬರಿನಲ್ಲಿ ಮುದ್ರಿಸಿದ ‘ಮೈ ಫೇವರಿಟ್ ಥಿಂಗ್ಸ್’ ಅನ್ನು ಮೊದಲು ತೆಗೆದುಕೊಳ್ಳಿ. ಅದು ನಾಟಕವೊಂದರ ಸರಳ ಹಾಡು, ಮೂರು ಎಣಿಕೆಯದು. ಕೋಲ್ಟ್ರೇನ್ ಅದನ್ನು ಸೊಪ್ರಾನೊ ಸ್ಯಾಕ್ಸೊಫೋನಿನಲ್ಲಿ ನುಡಿಸುತ್ತಾನೆ. ಆ ವಾದ್ಯ ನೋಡುವುದಕ್ಕೂ ನಾಗಸ್ವರದಂತೆ ನೆಟ್ಟಗಿದೆ, ಅದರ ನಾದದ ಚೂಪೂ ದೇವಸ್ಥಾನದ ಹೊರ ಅಂಗಣದಲ್ಲಿ ಕೇಳಿದ ನಾಗಸ್ವರವನ್ನು ನೆನಪಿಗೆ ತರುತ್ತದೆ. ಹಾಡಿನ ಸಾಲುಗಳ ನಡುವೆ ಪಿಯಾನೊದ ಮಕಾಯ್ ಟೈನರ್ ಎರಡೇ ಕಾರ್ಡ್‌ಗಳನ್ನು ಮತ್ತೆ ಮತ್ತೆ ನುಡಿಸುತ್ತಾ ತಂಬೂರಿಯ ಕೆಲಸ ಮಾಡುತ್ತಾನೆ, ಅದರ ಮೇಲೆ ಕೋಲ್ಟ್ರೇನ್ ಆಲಾಪಿಸುತ್ತಾನೆ. ಹೆಚ್ಚುಕಡಿಮೆ 14 ನಿಮಿಷ. ಇದನ್ನು ವಾರವಿಡೀ ಕೇಳಿ, ಹಾಡು ಬಾಯಿಗೆ ಬರಲಿ.

ಮುಂದಿನ ವಾರ ಅದೇ ಕೋಲ್ಟ್ರೇನ್ ಅದೇ ಹಾಡನ್ನು 1966ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿದ್ದನ್ನು ಹಾಕಿ. ಮೊದಲು ಜಿಮ್ಮಿ ಗ್ಯಾರಿಸನ್ ಒಬ್ಬನೇ ಬಾಸ್‌ನಲ್ಲಿ ಹಲವು ನಿಮಿಷ ನುಡಿಸುತ್ತಾನೆ. ಬಳಿಕ ಬರುವ ಹಾಡಿನಲ್ಲಿ ಹಳೆಯ ಮೂರು ಎಣಿಕೆಯ ನಡಿಗೆ ಕರಗಿಹೋಗಿದೆ. ಪಿಯಾನೊದಲ್ಲಿ ಆಲಿಸ್ ಕೋಲ್ಟ್ರೇನ್, ಇನ್ನೊಂದು ಸ್ಯಾಕ್ಸೊಫೋನಿನಲ್ಲಿ ಫರೋ ಸ್ಯಾಂಡರ್ಸ್, ಅವನ ಕಡೆಯಿಂದ ಕೂಗು, ಚೀತ್ಕಾರ. ಮೊದಲ ಸಲ ನನಗೆ ಇದು ಸಹಿಸಲಾಗದ ಗದ್ದಲವೆನಿಸಿತ್ತು. 1960ರ ರೂಪ ಮನಸ್ಸಿನಲ್ಲಿ ಗಟ್ಟಿಯಾದ ಮೇಲೆ, ಗದ್ದಲದ ಒಳಗಿನಿಂದ ಆ ಹಳೆಯ ಸಾಲು ಮೇಲೆದ್ದು ಬರುವುದನ್ನು ಕೇಳಿದಾಗ ಕಣ್ಣು ತುಂಬಿತು. 1967ರ ಜುಲೈಯಲ್ಲಿ, 40ನೆಯ ವಯಸ್ಸಿಗೆ ಕೋಲ್ಟ್ರೇನ್ ತೀರಿಕೊಂಡ. ಆರು ವರ್ಷಗಳಲ್ಲಿ ಒಬ್ಬ ಮನುಷ್ಯ ಒಂದೇ ಹಾಡಿನೊಳಗೆ ಎಷ್ಟು ದೂರ ನಡೆದ ಎಂಬುದನ್ನು ಈ ಎರಡು ಧ್ವನಿಮುದ್ರಣಗಳು ತೋರಿಸುವಷ್ಟು ಚೆನ್ನಾಗಿ ಯಾವ ಜೀವನಚರಿತ್ರೆಯೂ ತೋರಿಸಲಾರದು.

ಹಳೆಯದು ಮತ್ತು ಹೊಸದನ್ನು ಜೋಡಿಸುವುದಕ್ಕೆ ಕೋಲ್ ಪೋರ್ಟರ್‌ನ 1932ರ ಹಾಡು ‘ನೈಟ್ ಅಂಡ್ ಡೇ’ ತಕ್ಕದ್ದು. 1956ರಲ್ಲಿ ಆರ್ಟ್ ಟೇಟಮ್ ಪಿಯಾನೊದಲ್ಲೂ ಬೆನ್ ವೆಬ್‌ಸ್ಟರ್ ಟೆನರಿನಲ್ಲೂ ಅದನ್ನು ಮುದ್ರಿಸಿದರು. ಟೇಟಮ್‌ನ ಬೆರಳುಗಳಿಂದ ಸ್ವರಗಳು ಸೋನೆಮಳೆಯಂತೆ ಬಿಡದೆ ಉದುರುತ್ತಿರುತ್ತವೆ, ವೆಬ್‌ಸ್ಟರ್ ಉಸಿರು ಕೇಳಿಸುವಂತೆ ಮೆಲ್ಲನೆ, ಹಾಡಿನ ಸಾಲನ್ನು ಬಿಟ್ಟುಕೊಡದೆ ನುಡಿಸುತ್ತಾನೆ. ಇದರ ಎದುರಿಗೆ ವಿಜಯ್ ಅಯ್ಯರ್ 2021ರಲ್ಲಿ ಹೊರತಂದ ‘ಅನೀಸಿ’ಯಲ್ಲಿರುವ ‘ನೈಟ್ ಅಂಡ್ ಡೇ’ಯನ್ನು ಇಡಿ. ಪಿಯಾನೊ, ಲಿಂಡಾ ಮೇ ಹಾನ್ ಓ ಅವರ ಬಾಸ್, ಟೈಶಾನ್ ಸೋರಿಯ ಡ್ರಮ್ಸ್, ಮೂರೇ ವಾದ್ಯ. ಇಲ್ಲಿ ಯಾರೂ ಯಾರಿಗೂ ಪಕ್ಕವಾದ್ಯವಲ್ಲ. ಮೂವರೂ ಏಕಕಾಲಕ್ಕೆ ಮಾತನಾಡುತ್ತಾರೆ, ಮತ್ತು ಮೂವರ ಮಾತೂ ಕೇಳಿಸುತ್ತದೆ. ಮೊದಲು ಬಾಸ್ ಒಂದನ್ನೇ ಹಿಂಬಾಲಿಸಿ ಕೇಳಿ, ಎರಡನೆಯ ಸಲ ಡ್ರಮ್ಸ್ ಒಂದನ್ನೇ, ಪಿಯಾನೊವನ್ನು ಕೊನೆಗೆ. ಇತ್ತೀಚಿನ ಪಿಯಾನೊ ತ್ರಿವಾದ್ಯಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ್ದು ಇದನ್ನೇ. ಇದರ ಬೇರು ನೋಡಬೇಕೆನಿಸಿದರೆ 1961ರ ಜೂನ್ 25ರಂದು ಬಿಲ್ ಇವಾನ್ಸ್ ತಂಡ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ನುಡಿಸಿದ್ದನ್ನು ಕೇಳಬೇಕು. ಗಾಜಿನ ಲೋಟಗಳ ಸದ್ದು, ಜನರ ಮಾತು ಎಲ್ಲವೂ ಅದರಲ್ಲಿ ಉಳಿದಿವೆ. ಅಲ್ಲಿ ಬಾಸ್ ನುಡಿಸಿದ ಸ್ಕಾಟ್ ಲಫಾರೊ ಅದಾದ 11 ದಿನಗಳಲ್ಲಿ ರಸ್ತೆ ಅಪಘಾತದಲ್ಲಿ ಮಡಿದ.

ಹಳೆಯ ಮುದ್ರಣಗಳ ಕರಕರ ಸದ್ದಿಗೆ ಹೆದರಬೇಕಿಲ್ಲ. ನಿಮಿಷಕ್ಕೆ 78 ಸುತ್ತಿನ ವೇಗದ ಹತ್ತು ಅಂಗುಲದ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ ಮಾತ್ರ. ಆ ಇಕ್ಕಟ್ಟಿನಲ್ಲಿ ಕಲಾವಿದರು ಒಂದು ಸ್ವರವನ್ನೂ ಪೋಲು ಮಾಡುತ್ತಿರಲಿಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್ 1928ರ ಜೂನ್‌ನಲ್ಲಿ ಮುದ್ರಿಸಿದ ‘ವೆಸ್ಟ್ ಎಂಡ್ ಬ್ಲೂಸ್’ನ ಆರಂಭದಲ್ಲಿ ಟ್ರಂಪೆಟ್ ಒಂದೇ ನುಡಿಯುವ ಹನ್ನೆರಡು ಸೆಕೆಂಡುಗಳಷ್ಟನ್ನೇ ಬೇರೆಯಾಗಿ ಕೇಳಿ ನೋಡಿ. ಮೊದಲ ನಾಲ್ಕು ಸ್ವರಗಳಲ್ಲೇ ಒಬ್ಬ ದೊಡ್ಡ ಅರ್ಥಧಾರಿ ರಂಗಕ್ಕೆ ಬಂದು ಕುಳಿತದ್ದು ತಿಳಿಯುತ್ತದೆ.

ಒಂದೇ ಸಮನೆ ಕೇಳಬೇಕಾದದ್ದು

ಕೋಲ್ಟ್ರೇನ್‌ನ ‘ಅ ಲವ್ ಸುಪ್ರೀಂ’ ಅನ್ನು ತುಂಡು ತುಂಡಾಗಿ ಕೇಳಬಾರದು. 1964ರ ಡಿಸೆಂಬರ್ 9ರಂದು ನ್ಯೂಜೆರ್ಸಿಯಲ್ಲಿ ರೂಡಿ ವ್ಯಾನ್ ಗೆಲ್ಡರ್‌ನ ಸ್ಟುಡಿಯೋದಲ್ಲಿ ಮುದ್ರಿತವಾದ ಇದು ನಾಲ್ಕು ಭಾಗಗಳ ಒಂದೇ ಕೃತಿ, ಒಟ್ಟು ಸುಮಾರು 33 ನಿಮಿಷ. ದೇವರಿಗೆ ಸಲ್ಲಿಸಿದ ಕೃತಜ್ಞತೆ ಇದು ಎಂದು ಕೋಲ್ಟ್ರೇನ್ ಅದರ ಹೊದಿಕೆಯಲ್ಲೇ ಬರೆದುಕೊಂಡಿದ್ದಾನೆ. ಬೆಳಗಿನ ಜಾವವೋ ರಾತ್ರಿ ಊಟ ಮುಗಿದ ಮೇಲೋ, ಫೋನನ್ನು ದೂರವಿಟ್ಟು ಕುಳಿತುಕೊಳ್ಳಿ.

ಅದರ ನಾಲ್ಕನೆಯ ಭಾಗದ ಬಗ್ಗೆ ಉಡುಪಿಯ ಕೇಳುಗರಿಗೆ ವಿಶೇಷವಾಗಿ ಹೇಳಬೇಕು. ಅಲ್ಲಿ ಎಣಿಸಬಹುದಾದ ತಾಳವಿಲ್ಲ. ಎಲ್ವಿನ್ ಜೋನ್ಸ್ ಡ್ರಮ್ಸ್‌ನಲ್ಲಿ ದೂರದ ಕಡಲಿನ ಮೊರೆತದಂಥ ಸದ್ದನ್ನು ಎಬ್ಬಿಸುತ್ತಿರುತ್ತಾನೆ, ಅದರ ಮೇಲೆ ಕೋಲ್ಟ್ರೇನ್ ನುಡಿಸುವ ಒಂದೊಂದು ಸಾಲೂ ಹೊದಿಕೆಯ ಒಳಗೆ ಅಚ್ಚಾದ ಅವನದೇ ಪ್ರಾರ್ಥನಾಪದ್ಯದ ಒಂದೊಂದು ಸಾಲು. ಮಾತುಗಳನ್ನು ಬಾಯಿಂದ ಹೇಳುವುದಿಲ್ಲ, ಸ್ಯಾಕ್ಸೊಫೋನಿನಿಂದ ಅಕ್ಷರ ಅಕ್ಷರವಾಗಿ ಓದುತ್ತಾನೆ. ಹರಿದಾಸರ ಉಗಾಭೋಗವನ್ನು ಕೇಳಿ ಬೆಳೆದವರು ಈ ಕ್ರಮವನ್ನು ಬಲ್ಲರು: ತಾಳದ ಹಂಗಿಲ್ಲದೆ, ಮಾತಿನ ಉಸಿರೇ ಲಯವಾಗಿ ನಡೆಯುವ ನಿವೇದನೆ. ಆ ಪದ್ಯವನ್ನು ಕೈಯಲ್ಲಿ ಹಿಡಿದುಕೊಂಡು, ಬೆರಳಿನಿಂದ ಸಾಲುಗಳನ್ನು ಅನುಸರಿಸುತ್ತ ಒಮ್ಮೆ ಕೇಳಿ. ಸಾಲು ಮುಗಿಯುವ ಕಡೆ ಸ್ಯಾಕ್ಸೊಫೋನ್ ಕೆಳಗಿಳಿದು ನಿಲ್ಲುವುದು ಗೊತ್ತಾದ ಮೇಲೆ ಪದ್ಯದ ಕಾಗದವಿಲ್ಲದೆಯೂ ಅದು ಓದುವಿಕೆಯಾಗಿಯೇ ಕೇಳಿಸುತ್ತದೆ. ನನ್ನ ಮಟ್ಟಿಗೆ ಜಾಝ್‌ನ ಧ್ವನಿಮುದ್ರಣಗಳಲ್ಲಿ ಇದಕ್ಕಿಂತ ಎತ್ತರದ್ದು ಇನ್ನೊಂದಿಲ್ಲ.

ಹೊಸದನ್ನು ಕೇಳುವಾಗ

ಹೊಸ ಧ್ವನಿಮುದ್ರಣಗಳ ವಿಷಯದಲ್ಲಿ ಎರಡು ತಪ್ಪುಗಳನ್ನು ನಾನು ಕಾಣುತ್ತೇನೆ. ಕೋಲ್ಟ್ರೇನ್ ತೀರಿಕೊಂಡ 1967ಕ್ಕೇ ಜಾಝ್ ಮುಗಿಯಿತು ಎನ್ನುವವರು ಒಂದು ಕಡೆ, ಹೊಸ ಹೆಸರೆಂದ ಕೂಡಲೇ ಹೊಗಳುವವರು ಇನ್ನೊಂದು ಕಡೆ. ಇಬ್ಬರೂ ಹೊಸ ಧ್ವನಿಮುದ್ರಿಕೆಯನ್ನು ಒಂದೆರಡು ಸಲಕ್ಕಿಂತ ಹೆಚ್ಚು ಕೇಳುವುದಿಲ್ಲ. ಹಾಕಿನ್ಸ್‌ಗೆ ಕೊಟ್ಟ ಹತ್ತು ಸಲವನ್ನು ಹೊಸ ಕಲಾವಿದರಿಗೂ ಕೊಡಬೇಕು.

ಸನ್ಸ್ ಆಫ್ ಕೆಮೆಟ್ ತಂಡದ 2018ರ ‘ಯುವರ್ ಕ್ವೀನ್ ಈಸ್ ಎ ರೆಪ್ಟೈಲ್’ನಲ್ಲಿ ಶಬಾಕಾ ಹಚಿಂಗ್ಸ್‌ನ ಸ್ಯಾಕ್ಸೊಫೋನ್, ಥಿಯೊನ್ ಕ್ರಾಸ್‌ನ ಟ್ಯೂಬಾ (ತಗ್ಗು ನಾದದ ದೊಡ್ಡ ಹಿತ್ತಾಳೆ ವಾದ್ಯ), ಜೊತೆಗೆ ಇಬ್ಬರು ಡ್ರಮ್ಸ್ ವಾದಕರು, ಪಿಯಾನೊ ಇಲ್ಲ, ಬಾಸ್ ಇಲ್ಲ. ಚೆಂಡೆಯ ಅಬ್ಬರದ ನಡುವೆ ಪದ್ಯವನ್ನು ಬಿಡಿಸಿ ಕೇಳಬಲ್ಲ ನಮಗೆ ಇದು ಕಷ್ಟವಾಗಬಾರದು. ಬಾಸ್‌ನ ಜಾಗದಲ್ಲಿ ಟ್ಯೂಬಾ ಇರುವುದು ಹೊಸತಲ್ಲ ಎಂಬುದನ್ನೂ ಗಮನಿಸಿ: 1927ರಲ್ಲಿ ಆರ್ಮ್‌ಸ್ಟ್ರಾಂಗ್‌ನ ಹಾಟ್ ಸೆವೆನ್ ತಂಡದಲ್ಲೂ ಟ್ಯೂಬಾ ಇತ್ತು. ಆ ಎರಡನ್ನೂ ಒಂದೇ ಸಂಜೆ ಕೇಳಿದರೆ ನೂರು ವರ್ಷಗಳ ದಾರಿ ಒಂದೇ ಬೀದಿಯ ಎರಡು ತುದಿಗಳಂತೆ ಕಾಣುತ್ತದೆ. ನಮ್ಮೂರಿನ ಮದುವೆ ದಿಬ್ಬಣದ ಬ್ಯಾಂಡಿನ ಹಿತ್ತಾಳೆ ವಾದ್ಯಗಳನ್ನು ಕೇಳಿ ಬೆಳೆದವರಿಗೆ ಆ ಬೀದಿ ಅಪರಿಚಿತವೂ ಅಲ್ಲ.

ಕಮಾಸಿ ವಾಷಿಂಗ್ಟನ್‌ನ ‘ದಿ ಎಪಿಕ್’ 2015ರಲ್ಲಿ ಬಂದಾಗ ಬಹಳ ಸದ್ದು ಮಾಡಿತು. ಮೂರು ತಟ್ಟೆಗಳು, ಹತ್ತಿರ ಹತ್ತಿರ ಮೂರು ಗಂಟೆ. ಅದರಲ್ಲಿ ಗಾಯನವೃಂದವನ್ನು ಬೇಕಾದುದಕ್ಕಿಂತ ಹೆಚ್ಚು ಬಳಸಲಾಗಿದೆ ಎಂಬುದು ನನ್ನ ಅಭಿಪ್ರಾಯ. ಸ್ಯಾಕ್ಸೊಫೋನ್ ತಾನೇ ಹೇಳಬಲ್ಲದ್ದನ್ನು ಹಿಂದಿನಿಂದ ಗುಂಪೊಂದು ಮತ್ತೆ ಹೇಳುತ್ತದೆ. ದಿನಕ್ಕೊಂದು ತಟ್ಟೆಯಂತೆ ಕೇಳಿದರೆ ಅದರ ಒಳ್ಳೆಯ ಭಾಗಗಳು ಉಳಿಯುತ್ತವೆ. ಇದಕ್ಕೆ ತೀರ ವಿರುದ್ಧವಾದದ್ದು 2021ರ ‘ಪ್ರಾಮಿಸಸ್’. ಫ್ಲೋಟಿಂಗ್ ಪಾಯಿಂಟ್ಸ್ ಎಂಬ ಹೆಸರಿನ ಸಂಗೀತಗಾರ ಕೆಲವೇ ಸ್ವರಗಳ ಒಂದು ತುಣುಕನ್ನು ಸುಮಾರು 46 ನಿಮಿಷ ಬಿಡದೆ ಸುತ್ತಿಸುತ್ತಾನೆ, ಅದರ ಮೇಲೆ ಫರೋ ಸ್ಯಾಂಡರ್ಸ್ ಟೆನರ್ ನುಡಿಸುತ್ತಾನೆ. 1966ರಲ್ಲಿ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ಚೀತ್ಕರಿಸಿದ ಅದೇ ಮನುಷ್ಯ, ಈಗ ವೃದ್ಧ, ಒಂದೊಂದು ಸ್ವರವನ್ನೂ ಕೈಯಲ್ಲಿ ಎತ್ತಿ ನೋಡಿ ಇಡುವಂತೆ ನುಡಿಸುತ್ತಾನೆ. 2022ರಲ್ಲಿ ಅವನು ತೀರಿಕೊಂಡ. 1966ರ ಆ ಮುದ್ರಣವನ್ನೂ ಇದನ್ನೂ ಜೋಡಿಯಾಗಿ ಕೇಳದವರಿಗೆ ‘ಪ್ರಾಮಿಸಸ್’ನ ಅರ್ಧ ಸೊಗಸು ತಪ್ಪುತ್ತದೆ.

ಮಳೆಗಾಲ ಮತ್ತು ಎಲ್‌ಪಿ

ಎಲ್‌ಪಿಗಳನ್ನು ಕೂಡಿಡುವವರಿಗೆ ಮಾತ್ರ ಇಲ್ಲಿ ನಾಲ್ಕು ಮಾತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬರುವ ನಮ್ಮ ಊರಿನಲ್ಲಿ ಅವುಗಳಿಗೆ ದೊಡ್ಡ ಶತ್ರು ಬೂಷ್ಟು. ಗುಜರಿ ಅಂಗಡಿಯಿಂದ ತಂದ ಹಳೆಯ ತಟ್ಟೆಗಳನ್ನು ನಾನೊಮ್ಮೆ ಗೋಡೆಗೆ ತಾಗಿಸಿ ಇಟ್ಟಿದ್ದೆ. ಆಷಾಢ ಕಳೆಯುವಷ್ಟರಲ್ಲಿ ರಟ್ಟಿನ ಹೊದಿಕೆಗಳ ಮೇಲೆ ಬಿಳಿಯ ಮಚ್ಚೆಗಳೆದ್ದು, ಕೆಲವು ತಟ್ಟೆಗಳ ಗೀರುಗಳ ಒಳಗೂ ಇಳಿದಿದ್ದವು. ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಎತ್ತರಕ್ಕೆ, ಮಲಗಿಸದೆ ನೆಟ್ಟಗೆ ನಿಲ್ಲಿಸಿ ಇಡಿ. ಕಪಾಟಿನಲ್ಲಿ ಸಿಲಿಕಾ ಜೆಲ್ ಚೀಲಗಳನ್ನು ಹಾಕಿ ಆಗಾಗ ಬದಲಾಯಿಸಿ. ಬೂಷ್ಟು ಹಿಡಿದ ಎಲ್‌ಪಿಯನ್ನು ಭಟ್ಟಿ ಇಳಿಸಿದ ನೀರಿಗೆ ಒಂದೇ ಹನಿ ಮೃದುವಾದ ಸೋಪು ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಗೀರುಗಳ ದಿಕ್ಕಿನಲ್ಲೇ ಒರೆಸಿ ನೆರಳಿನಲ್ಲಿ ಒಣಗಿಸಬೇಕು. ಅಜ್ಜನ ಕಾಲದ 78 ವೇಗದ ತಟ್ಟೆಗಳಿದ್ದರೆ ಅವುಗಳಿಗೆ ಸ್ಪಿರಿಟ್ ಮುಟ್ಟಿಸಬೇಡಿ. ಅವು ಅರಗಿನವು, ಸ್ಪಿರಿಟ್‌ಗೆ ಕರಗುತ್ತವೆ.

ಕೊನೆಯ ಅಭ್ಯಾಸ ನಮ್ಮ ಊರಿನದು

ಬಂಟ್ವಾಳ ತಾಲೂಕಿನಲ್ಲಿ 1949ರಲ್ಲಿ, ನಾಗಸ್ವರ ನುಡಿಸುವ ತಂದೆಯ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಸ್ಯಾಕ್ಸೊಫೋನಿಗೆ ಮನಸೋತು, ಮಂಗಳೂರಿನಲ್ಲಿ ಗುರುಗಳಲ್ಲಿ ಕಲಿತು, ಕರ್ನಾಟಕ ಸಂಗೀತದ ಗಮಕಗಳು ಅದರಲ್ಲಿ ನುಡಿಯುವಂತೆ ವರ್ಷಗಟ್ಟಲೆ ಸಾಧನೆ ಮಾಡಿದರು ಎಂಬುದು ಇಲ್ಲಿನವರಿಗೆ ತಿಳಿದದ್ದೇ. ಅವರ ಜಾಝ್ ಒಡನಾಟ ಅಷ್ಟಾಗಿ ತಿಳಿದಿಲ್ಲ. 2008ರಲ್ಲಿ ಅಮೆರಿಕದ ರುದ್ರೇಶ್ ಮಹಾಂತಪ್ಪ ಎಂಬ ಆಲ್ಟೊ ವಾದಕರು ಗೋಪಾಲನಾಥರನ್ನು ಜೊತೆಗಿಟ್ಟುಕೊಂಡು ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು, ಅದರಲ್ಲಿ ಎ. ಕನ್ಯಾಕುಮಾರಿಯವರ ಪಿಟೀಲೂ ಪೂವಾಲೂರ್ ಶ್ರೀಜಿಯವರ ಮೃದಂಗವೂ, ಗಿಟಾರ್, ಬಾಸ್, ಡ್ರಮ್ಸ್‌ಗಳೂ ಇವೆ. ಎರಡು ಸಂಗೀತಗಳನ್ನು ಬೆರೆಸುತ್ತೇವೆಂದು ಹೊರಟ ಬಹುಪಾಲು ಧ್ವನಿಮುದ್ರಿಕೆಗಳಲ್ಲಿ ಒಬ್ಬರು ಆಲಾಪಿಸುವಾಗ ಇನ್ನೊಬ್ಬರು ಕಾಯುತ್ತ ಕುಳಿತಿರುತ್ತಾರೆ. ಇಲ್ಲಿ ಹಾಗಿಲ್ಲ, ರಚನೆಗಳನ್ನೇ ಎರಡೂ ಕಡೆಯವರಿಗೆ ಕೈ ಹಾಕಲು ಸಾಧ್ಯವಾಗುವಂತೆ ಕಟ್ಟಲಾಗಿದೆ.

ಇದನ್ನು ಇಯರ್‌ಫೋನಿನಲ್ಲೇ ಕೇಳಿ. ಇಬ್ಬರ ಕೈಯಲ್ಲಿರುವುದೂ ಆಲ್ಟೊ ಸ್ಯಾಕ್ಸೊಫೋನೇ. ಮೊದಲ ಸಲ, ಈಗ ನುಡಿಯುತ್ತಿರುವವರು ಯಾರು ಎಂಬುದನ್ನಷ್ಟೇ ಗುರುತಿಸಲು ಯತ್ನಿಸಿ. ಗೋಪಾಲನಾಥರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ, ಸ್ವರವನ್ನು ಅಲುಗಿಸುತ್ತ ಹೋಗುತ್ತಾರೆ. ಮಹಾಂತಪ್ಪನವರ ಸ್ವರಗಳು ಉಳಿಯಿಂದ ಕಡೆದಂತೆ ಬಿಡಿಬಿಡಿಯಾಗಿ, ಚೂಪಾಗಿ ಬರುತ್ತವೆ. ಎರಡನೆಯ ಸಲ, ಇಬ್ಬರೂ ಪರಸ್ಪರ ಉತ್ತರ ಕೊಡುವ ಕಡೆಗಳಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಅಂಟಿಕೊಳ್ಳುವುದನ್ನು ಗಮನಿಸಿ. ಕರ್ಣ ಶಲ್ಯರ ಸಂವಾದ ಬಿಗಿಯೇರಿದಾಗ ಒಬ್ಬರ ಮಾತಿನ ಕೊನೆಯ ಪದವನ್ನೇ ಹಿಡಿದು ಇನ್ನೊಬ್ಬರು ಆರಂಭಿಸುವಂತೆ, ಇಲ್ಲಿ ಒಬ್ಬರ ಕೊನೆಯ ಸಂಗತಿಯಿಂದ ಇನ್ನೊಬ್ಬರು ಹೊರಡುತ್ತಾರೆ. ಮೂರನೆಯ ಸಲಕ್ಕೆ ಮೊದಲು ಚಾರ್ಲಿ ಪಾರ್ಕರ್ 1945ರ ನವೆಂಬರ್‌ನಲ್ಲಿ ಆಲ್ಟೊದಲ್ಲಿ ಮುದ್ರಿಸಿದ ‘ಕೋ-ಕೋ’ವನ್ನು ಹಾಕಿ. ಮೂರು ನಿಮಿಷಕ್ಕೂ ಕಡಿಮೆ ಅವಧಿಯ, ಉಸಿರು ಬಿಡಲು ಎಡೆಯಿಲ್ಲದ ವೇಗದ ಆ ಧ್ವನಿಮುದ್ರಣ ಮುಗಿದ ಕೂಡಲೇ ‘ಕಿನ್ಸ್‌ಮೆನ್’ ಹಾಕಿದರೆ ಮಹಾಂತಪ್ಪನವರ ಚೂಪು ಎಲ್ಲಿಂದ ಬಂತೆಂಬುದು ತಿಳಿಯುತ್ತದೆ. ಗೋಪಾಲನಾಥರ ಜಾರು ಎಲ್ಲಿಂದ ಬಂತೆಂಬುದನ್ನು ತಿಳಿಯುವುದಕ್ಕೆ ಸಂಜೆಯ ಪೂಜೆಯ ಹೊತ್ತಿಗೆ, ನಾಗಸ್ವರ ನುಡಿಸುವ ಯಾವುದಾದರೂ ದೇವಸ್ಥಾನದ ಅಂಗಣದಲ್ಲಿ ಅರ್ಧ ಗಂಟೆ ನಿಂತು ಬನ್ನಿ.